ಗಾಡಿಯ ಹೆಸರು, ತಗಡಿನ ತುಕ್ಕು

ಇವತ್ತು ತುಕ್ಕಿನ ಬಗ್ಗೆ ನಾಲ್ಕು ಮಾತಾಡೋಣ. ಗಡಿಯಲ್ಲಿ ಬಾಳುವ ನಮಗೆ ಈ ಒಂದು ವಸ್ತುವಿಗೆ ಎಷ್ಟು ಹೆಸರು ನೋಡಿ. ಕನ್ನಡದಲ್ಲಿ ತುಕ್ಕು. ನಮ್ಮ ಕಾಸರಗೋಡಿನ ಗ್ಯಾರೇಜಿನಲ್ಲಿ ಮಲೆಯಾಳದ ತುರುಂಬು. ಹೊಸೂರು, ತಾಳವಾಡಿಯವರಿಗೆ ತಮಿಳಿನ ತುರು. ಸೊಲ್ಲಾಪುರ, ಜತ್ತದ ಕಡೆ ಮರಾಠಿಯ ಗಂಜ. ಆದವಾನಿ, ಮಡಕಶಿರಾದವರಿಗೆ ತೆಲುಗಿನ ತುಪ್ಪು. ಅಲ್ಲಿಯ ಮೇಸ್ತ್ರಿ ಗಾಡಿಯ ತಳಕ್ಕೆಲ್ಲ ತುಪ್ಪು ಎಂದರೆ, ತೆಲುಗು ಬಾರದವರು ತುಪ್ಪ ಎಂದು ತಿಳಿದು ಸಂತೋಷಪಟ್ಟಾರು! ಯಾವ ಭಾಷೆಯಲ್ಲಿ ಕರೆದರೂ ಅದು ತಿನ್ನುವುದು ನಮ್ಮ ದುಡ್ಡನ್ನೇ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಓದಿದ್ದು ಮೆಟ್ರಿಕ್. ಇಂಜಿನಿಯರನಲ್ಲ, ಮೆಕ್ಯಾನಿಕ್ಕೂ ಅಲ್ಲ. ಆದರೆ ವಾಹನ ಸಾಲದ ಕಾಗದಪತ್ರಗಳು ಎಷ್ಟೋ ವರ್ಷ ನನ್ನ ಮೇಜಿನ ಮೇಲೆಯೇ ಹಾದುಹೋದವು. ಗಾಡಿಯನ್ನು ಅಡವಿಟ್ಟುಕೊಂಡು ಸಾಲ ಕೊಡುವ ಬ್ಯಾಂಕಿಗೆ ಒಂದೇ ಚಿಂತೆ. ಸಾಲದ ಕಂತು ಮುಗಿಯುವ ತನಕ ಗಾಡಿ ಗಾಡಿಯಾಗಿಯೇ ಉಳಿದೀತೇ, ಅಥವಾ ಅದಕ್ಕೂ ಮೊದಲೇ ಗುಜರಿಯಾದೀತೇ? ಈ ಚಿಂತೆಯಿಂದಲೇ ನನಗೆ ತುಕ್ಕಿನ ಮೇಲೆ ಕಣ್ಣು ಬಿದ್ದದ್ದು.

ಈಗ ಯಾವ ಊರಿಗೆ ಹೋದರೂ ಹೋಟೆಲಿನ ಬೆಂಚಿನಲ್ಲಿ ಗಾಡಿಯ ಮಾತು. ಯಾವುದು ಜೋರಾಗಿ ಎಳೆಯುತ್ತದೆ, ಯಾವುದು ಏರಿನಲ್ಲಿ ಸೋಲುತ್ತದೆ, ಯಾವ ಕಂಪನಿ ಗಟ್ಟಿ, ಯಾವುದು ಬರೇ ತಗಡು. ಜರ್ಮನಿಯದಾದರೆ ಕಲ್ಲಿನಂತೆ, ಜಪಾನಿನದಾದರೆ ಕೆಡುವುದೇ ಇಲ್ಲ, ಇಟಲಿಯದಾದರೆ ಓಟ ಚೆಂದ, ಬಾಳಿಕೆ ಇಲ್ಲ, ಹೀಗೆ ತೀರ್ಪು ಕೊಟ್ಟೇ ಎದ್ದುಹೋಗುತ್ತಾರೆ. ಕೇಳಲು ನನಗೂ ಖುಷಿ. ಆದರೆ ಇವರು ಮೂರು ಸಂಗತಿಗಳನ್ನು ಒಂದೇ ಚೀಲಕ್ಕೆ ತುಂಬುತ್ತಾರೆ. ಗಾಡಿಯ ಓಟ ಒಂದು. ಕಂಪನಿಯ ಹೆಸರು ಇನ್ನೊಂದು. ಗಾಡಿಯ ಮೈ, ಎಂದರೆ ಆ ಕಬ್ಬಿಣದ ತಗಡು, ಮೂರನೆಯದು. ಇವು ಮೂರೂ ಒಟ್ಟಿಗೆ ಸಾಗಬೇಕೆಂದಿಲ್ಲ. ಓಟದಲ್ಲಿ ಲೋಕವನ್ನೇ ಗೆದ್ದ ಒಂದು ಕಂಪನಿಯ ಹೆಸರನ್ನು ತುಕ್ಕು ಹೇಗೆ ತಿಂದಿತು ಎಂಬುದನ್ನು ಕೇಳಿ, ನಾನು ಹೇಳುವುದು ಸ್ಪಷ್ಟವಾದೀತು.

ಇಟಲಿಯ ತೂರಿನ್ ಪಟ್ಟಣದಲ್ಲಿ 1906ರಲ್ಲಿ ಲಾನ್ಚಾ ಎಂಬ ಕಂಪನಿ ಹುಟ್ಟಿತು. ಕಟ್ಟಿದವರು ವಿನ್ಚೆಂಜೊ ಲಾನ್ಚಾ, ಫಿಯಟ್ ಕಂಪನಿಯ ಕಾರುಗಳನ್ನು ಪಂದ್ಯಗಳಲ್ಲಿ ಓಡಿಸಿ ಹೆಸರಾದವರು. ಇಟಲಿಯ ಮಾತಿನಲ್ಲಿ ಲಾನ್ಚಾ ಎಂದರೆ ಈಟಿ; ಕಂಪನಿಯ ಮುದ್ರೆಯಲ್ಲೂ ಬಾವುಟ ಕಟ್ಟಿದ ಈಟಿ ಇದೆ. ಗಾಡಿಗಳಿಗೆ ಗ್ರೀಕ್ ಅಕ್ಷರಗಳ ಹೆಸರು: ಆಲ್ಫಾ, ಬೀಟಾ, ಲಾಂಬ್ಡಾ, ಡೆಲ್ಟಾ. ನಾವು ಮಾಡಿದ್ದರೆ ಕ, ಖ, ಗ ಎಂದು ಇಡುತ್ತಿದ್ದೆವೋ ಏನೋ. 1922ರ ಲಾಂಬ್ಡಾದಲ್ಲಿ ಅವರು ಆ ಕಾಲಕ್ಕೆ ಹೊಸದಾದ ಒಂದು ಕೆಲಸ ಮಾಡಿದರು. ಅಲ್ಲಿಯವರೆಗೆ ಕಾರು ಎಂದರೆ ಕೆಳಗೆ ಲಾರಿಯಂತೆ ದಪ್ಪ ಚಾಸಿ, ಮೇಲೆ ಕೂರಿಸಿದ ಗೂಡು. ಲಾಂಬ್ಡಾದಲ್ಲಿ ಮೈಯೇ ಭಾರ ಹೊರುವಂತೆ ಮಾಡಿದರು. ಇಂದು ನಮ್ಮ ಕಾರುಗಳಲ್ಲಿ ಹೆಚ್ಚಿನವು ಇದೇ ಬಗೆಯವು. ಈ ಸಂಗತಿಯನ್ನು ನೆನಪಿನಲ್ಲಿಡಿ. ಮೈಯೇ ಭಾರ ಹೊರುವುದಾದರೆ, ಮೈಗೆ ತುಕ್ಕು ಹಿಡಿಯುವುದೆಂದರೆ ಬೆನ್ನೆಲುಬಿಗೇ ಹುಳ ಬಿದ್ದ ಹಾಗೆ.

ಒಳ್ಳೆಯ ಕೆಲಸಗಾರಿಕೆಗೆ ದುಡ್ಡು ಬೇಕು. ಲಾನ್ಚಾ ಸಾಲದಲ್ಲಿ ಮುಳುಗಿ 1969ರಲ್ಲಿ ಫಿಯಟ್ ಕಂಪನಿಯ ಕೈ ಸೇರಿತು. ಆದರೆ ಪಂದ್ಯದ ಹುಚ್ಚು ಬಿಡಲಿಲ್ಲ. ರ್ಯಾಲಿ ಎಂಬ ಪಂದ್ಯವನ್ನು ನೀವು ಟಿ.ವಿ.ಯಲ್ಲಿ ನೋಡಿರಬಹುದು. ನುಣುಪಾದ ಟ್ರ್ಯಾಕಿನಲ್ಲಲ್ಲ, ಕಾಡಿನ ದಾರಿಯಲ್ಲಿ, ಮಣ್ಣು, ಕಲ್ಲು, ಮಂಜಿನ ಮೇಲೆ ಓಟ. ಅದಕ್ಕೆಂದೇ ಲಾನ್ಚಾ ಮಾಡಿದ ಸ್ಟ್ರಾಟೋಸ್ ಎಂಬ ಗಾಡಿಯಲ್ಲಿ ಫೆರಾರಿಯ ಆರು ಸಿಲಿಂಡರಿನ ಇಂಜಿನ್ ಚಾಲಕನ ಬೆನ್ನ ಹಿಂದೆಯೇ ಕೂತಿತ್ತು. 1974, 75, 76, ಮೂರು ವರ್ಷ ಲಗಾಯ್ತು ಅದು ವಿಶ್ವ ರ್ಯಾಲಿಯಲ್ಲಿ ಕಂಪನಿಗಳ ಪಟ್ಟ ಗೆದ್ದಿತು. 1983ರಲ್ಲಿ ನಾಲ್ಕು ಚಕ್ರಗಳಿಗೂ ಶಕ್ತಿ ಹೋಗುವ ಜರ್ಮನಿಯ ಔಡಿ ಕ್ವಾಟ್ರೊವನ್ನು, ಬರೇ ಹಿಂದಿನ ಎರಡು ಚಕ್ರದಿಂದ ಓಡುವ ಲಾನ್ಚಾ 037 ಸೋಲಿಸಿತು. ಆ ವರ್ಷದ ಮಾಂಟೆ ಕಾರ್ಲೊ ಪಂದ್ಯದಲ್ಲಿ ದಾರಿಯ ಮಂಜು ಕರಗಲೆಂದು ಇಟಲಿಯವರು ಉಪ್ಪು ಹಾಕಿಸಿದ್ದರು ಎಂಬ ಕಥೆಯನ್ನು ಅಭಿಮಾನಿಗಳು ಇಂದಿಗೂ ನಗುತ್ತಾ ಹೇಳಿಕೊಳ್ಳುತ್ತಾರೆ. ಉಪ್ಪು! ಕಬ್ಬಿಣಕ್ಕೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ. ಆಮೇಲೆ ಡೆಲ್ಟಾ ಎಂಬ ಗಾಡಿ 1987ರಿಂದ 1992ರವರೆಗೆ ಆರು ವರ್ಷ ಎಡೆಬಿಡದೆ ಗೆದ್ದಿತು. ಒಟ್ಟು ಹತ್ತು ಪಟ್ಟ. ಓಟದ ಲೆಕ್ಕದಲ್ಲಿ ಇಷ್ಟು ಜಮೆ ಇರುವ ಕಂಪನಿಗಳು ಬಹಳ ಕಡಿಮೆ.

ಇನ್ನು ಖರ್ಚಿನ ಪುಟ ತಿರುಗಿಸೋಣ.

1972ರಲ್ಲಿ ಲಾನ್ಚಾ ಬೀಟಾ ಎಂಬ ಕಾರನ್ನು ಬಿಟ್ಟಿತು. ಪಂದ್ಯದ ಗಾಡಿಯಲ್ಲ, ಸಂಸಾರಸ್ಥರು ಕೊಳ್ಳುವಂಥದು, ಆದರೆ ಚುರುಕು. ಎರಡು ಕ್ಯಾಮ್ ಶಾಫ್ಟಿನ ಇಂಜಿನ್, ಐದು ಗೇರು, ನಾಲ್ಕು ಚಕ್ರಕ್ಕೂ ಡಿಸ್ಕ್ ಬ್ರೇಕು. ಆ ದಿನಗಳಲ್ಲಿ ನಮ್ಮಲ್ಲಿ ಹೊಸ ಕಾರು ಎಂದರೆ ಅಂಬಾಸಡರ್, ಫಿಯಟ್, ಸ್ಟ್ಯಾಂಡರ್ಡ್, ಅದಕ್ಕೂ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು ಎಂಬುದನ್ನು ನೆನೆದರೆ ಬೀಟಾ ಎಂಥ ಗಾಡಿ ಎಂದು ತಿಳಿದೀತು. ಇಟಲಿಯ ಹೊರಗೆ ಅದನ್ನು ಹೆಚ್ಚು ಮೆಚ್ಚಿದವರು ಬ್ರಿಟನ್ನಿನವರು. ಆದರೆ ಬ್ರಿಟನ್ನಿನಲ್ಲಿ ಮಳೆ ಪಿರಿಪಿರಿ ಎಂದು ವರ್ಷವಿಡೀ. ಚಳಿಗಾಲದಲ್ಲಿ ರಸ್ತೆಯ ಮೇಲೆ ಹೆಪ್ಪುಗಟ್ಟಿದ ನೀರು ಕರಗಲೆಂದು ಸರಕಾರದವರೇ ಉಪ್ಪು ಚೆಲ್ಲುತ್ತಾರೆ. ಆ ಉಪ್ಪುನೀರು ಚಕ್ರದಿಂದ ಸಿಡಿದು ಗಾಡಿಯ ತಳದ ಸಂದುಗೊಂದುಗಳಿಗೆಲ್ಲ ಹೋಗುತ್ತದೆ.

ಬೀಟಾದ ಇಂಜಿನ್, ಗೇರು ಪೆಟ್ಟಿಗೆಗಳನ್ನು ಒಂದು ಕಬ್ಬಿಣದ ಚೌಕಟ್ಟಿನ ಮೇಲೆ ಕೂರಿಸಿ, ಆ ಚೌಕಟ್ಟನ್ನು ಮೈಗೆ ಬೋಲ್ಟಿನಿಂದ ಬಿಗಿದಿದ್ದರು. ಬಿಗಿದ ಜಾಗ ಒಳಗೆ ಟೊಳ್ಳಾದ, ಪೆಟ್ಟಿಗೆಯ ಹಾಗೆ ಮಡಿಚಿದ ತಗಡು. ಅದರೊಳಗೆ ನೀರು ಸೇರಿತು, ಹೊರಗೆ ಬರಲಿಲ್ಲ. ಹೊರಗಿನಿಂದ ಪೇಂಟು ಥಳಥಳ, ಒಳಗಿನಿಂದ ತಗಡು ಕರಗುತ್ತಿತ್ತು. ಮೊದಲ ವರ್ಷಗಳ ಕೆಲವು ಸೆಡಾನ್ ಗಾಡಿಗಳಲ್ಲಿ ಅದು ಅಪಾಯದ ಮಟ್ಟಕ್ಕೆ ಹೋಯಿತು. ಕಂಪನಿಯು ಅಂಥ ಗಾಡಿಗಳನ್ನು ಮಾಲಿಕರಿಂದ ಮರಳಿ ಕೊಂಡು ಜಜ್ಜಿ ಹಾಕಿಸಿತು. 1980ರಲ್ಲಿ ಬ್ರಿಟನ್ನಿನ ಪತ್ರಿಕೆಗಳು ಇದನ್ನು ದೊಡ್ಡ ಅಕ್ಷರದಲ್ಲಿ ಹಾಕಿದವು. ಟಿ.ವಿ.ಯಲ್ಲೂ ಬಂತು. ಓಡುವಾಗಲೇ ಇಂಜಿನ್ ಕಳಚಿ ಕೆಳಗೆ ಬೀಳುತ್ತದಂತೆ ಎಂಬ ಮಾತು ಊರೆಲ್ಲ ಹಬ್ಬಿತು. ಅಂತೆಕಂತೆಗೆ ಕಾಲು ಎಷ್ಟು, ಕೈ ಎಷ್ಟು ಎಂದು ನಿಮಗೇ ಗೊತ್ತಲ್ಲ.

ಇಲ್ಲೊಂದು ವಿಚಿತ್ರ ಇದೆ. ದೂರು ಬಂದದ್ದು ಹೆಚ್ಚಾಗಿ ಮೊದಲ ಸರಣಿಯ ಗಾಡಿಗಳ ಮೇಲೆ. ಆಮೇಲೆ ಬಂದ ಸರಣಿಯಲ್ಲಿ ಆ ಜಾಗವನ್ನು ಸರಿಪಡಿಸಿದ್ದರು. ಅದೇ 1980ರಲ್ಲಿ ಲಾನ್ಚಾದ ಡೆಲ್ಟಾಕ್ಕೆ ಯುರೋಪಿನ ವರ್ಷದ ಕಾರು ಎಂಬ ಪ್ರಶಸ್ತಿಯೂ ಬಂತು. ಆದರೆ ಯಾರು ಕೇಳುತ್ತಾರೆ? ಲಾನ್ಚಾ ಎಂದರೆ ತುಕ್ಕು ಎಂದಾಯಿತು. ಡೆಲ್ಟಾ ಆರು ವರ್ಷ ಲೋಕ ಗೆದ್ದರೂ ಬ್ರಿಟನ್ನಿನ ಜನ ಮನಸ್ಸು ಬದಲಿಸಲಿಲ್ಲ. 1994ರಲ್ಲಿ ಲಾನ್ಚಾ ಆ ದೇಶದ ಅಂಗಡಿಯನ್ನೇ ಮುಚ್ಚಿತು. ಬ್ಯಾಂಕಿನವರ ಮಾತಿನಲ್ಲಿ ಹೇಳುವುದಾದರೆ ಅದಕ್ಕೆ ಪತ್ತು ಹೋಯಿತು. ಪತ್ತು ಎಂದರೆ ಗೊತ್ತಲ್ಲ, ಪತ್ತಿನ ಸಹಕಾರಿ ಸಂಘದ ಪತ್ತು. ಇಂದು ಎಷ್ಟು ನಗದು ಇದೆ ಎಂಬುದಲ್ಲ, ನಾಳೆ ಕೊಟ್ಟಾನು ಎಂಬ ನಂಬಿಕೆ.

ಇದೇಕೆ ಹೀಗಾಯಿತು ಎಂಬುದರ ಮೇಲೆ ಕಾರಿನ ಹುಚ್ಚಿನವರು ಇಂದಿಗೂ ಜಗಳಾಡುತ್ತಾರೆ. ಒಂದು ಪಂಗಡದವರು ರಷ್ಯಾದ ಉಕ್ಕಿನ ಕಥೆ ಹೇಳುತ್ತಾರೆ. 1966ರಲ್ಲಿ ಫಿಯಟ್ ಕಂಪನಿ ಸೋವಿಯತ್ ಸರಕಾರದ ಜೊತೆ ಒಪ್ಪಂದ ಮಾಡಿಕೊಂಡು, ತೊಲ್ಯಾತ್ತಿ ಎಂಬ ಊರಿನಲ್ಲಿ ಕಾರ್ಖಾನೆ ಕಟ್ಟಿಕೊಟ್ಟಿತು, ಇದು ನಿಜ. ಅದರ ಪ್ರತಿಫಲವಾಗಿ ಬಂದ ಕಳಪೆ ಉಕ್ಕಿನಿಂದಲೇ ಇಟಲಿಯ ಕಾರುಗಳು ತುಕ್ಕು ಹಿಡಿದವು ಎಂಬುದು ಅವರ ವಾದ. ನನಗೆ ಈ ವಾದ ಹಿಡಿಸುವುದಿಲ್ಲ. ಬರೇ ಉಕ್ಕೇ ಕೆಟ್ಟದಾಗಿದ್ದರೆ ಗಾಡಿ ಎಲ್ಲ ಕಡೆ ಒಂದೇ ಸಮ ಕೊಳೆಯಬೇಕಿತ್ತು. ಕೊಳೆತದ್ದು ನೀರು ನಿಲ್ಲುವ ಜಾಗಗಳಲ್ಲಿ. ಇನ್ನೊಂದು ಪಂಗಡ ಕಾರ್ಖಾನೆಯ ಒಳಗೆ ಬೆರಳು ತೋರಿಸುತ್ತದೆ. ಆ ವರ್ಷಗಳಲ್ಲಿ ಇಟಲಿಯಲ್ಲಿ ಮುಷ್ಕರದ ಮೇಲೆ ಮುಷ್ಕರ. ನೇಪಲ್ಸ್ ಪಟ್ಟಣದ ಬಳಿ ಆಲ್ಫಾ ರೋಮಿಯೋ ಕಂಪನಿ ಆಲ್ಫಾಸುದ್ ಎಂಬ ಇನ್ನೊಂದು ಚುರುಕು ಗಾಡಿ ಮಾಡುತ್ತಿತ್ತು. ತಿರುವಿನಲ್ಲಿ ಅದರಷ್ಟು ಹಿತವಾಗಿ ಓಡುವ ಸಣ್ಣ ಕಾರು ಆಗ ಇರಲಿಲ್ಲ ಎಂದು ಹೊಗಳುವವರು, ಅದು ತುಕ್ಕಿಗೂ ಅಷ್ಟೇ ಹೆಸರುವಾಸಿ ಎಂದು ಒಪ್ಪುತ್ತಾರೆ. ಮುಷ್ಕರದ ದಿನ ಪೇಂಟು ಕಾಣದ ಬರೇ ತಗಡಿನ ಗೂಡುಗಳು ಹಾಗೆಯೇ ನಿಂತಿದ್ದವು, ಟೊಳ್ಳು ಭಾಗಗಳಿಗೆ ತುಂಬಿದ ಸ್ಪಂಜಿನಂಥ ಪದಾರ್ಥ ನೀರು ಹೀರಿ ಕೂತಿತು ಎಂಬುದು ಇವರ ಸಮಾಧಾನ. ನನ್ನ ಒಲವು ಈ ಕಡೆಗೆ.

ಯಾಕೆ ಎಂದು ತಿಳಿಯಲು ತುಕ್ಕು ಎಂದರೇನು ಎಂದು ನೋಡಬೇಕು. ರಾಯದುರ್ಗದ ಕಡೆಯವರು ಬಳ್ಳಾರಿ, ಸಂಡೂರಿನ ಕೆಂಪು ಅದಿರನ್ನು ನೋಡಿರುತ್ತೀರಿ. ಅದು ಕಬ್ಬಿಣ ಮತ್ತು ಆಮ್ಲಜನಕ ಕೂಡಿದ ವಸ್ತು. ಅದನ್ನು ಕುಲುಮೆಯಲ್ಲಿ ಕಾಯಿಸಿ ಆಮ್ಲಜನಕವನ್ನು ಬಿಡಿಸಿದರೆ ಕಬ್ಬಿಣ. ಆ ಕಬ್ಬಿಣಕ್ಕೆ ನೀರು, ಗಾಳಿ ಎರಡೂ ಸಿಕ್ಕಿದರೆ ಅದು ಮತ್ತೆ ಆಮ್ಲಜನಕದ ಜೊತೆ ಕೂಡಿಕೊಳ್ಳುತ್ತದೆ. ತವರಿಗೆ ಓಡುವ ಮಗಳ ಹಾಗೆ! ನೀರಿನಲ್ಲಿ ಉಪ್ಪಿದ್ದರೆ ಈ ಕೆಲಸ ಬಹಳ ಬೇಗ ಆಗುತ್ತದೆ. ಅಲ್ಯೂಮಿನಿಯಂ ಪಾತ್ರೆಯ ಮೇಲೂ ಒಂದು ಪದರ ಕೂರುತ್ತದೆ, ಆದರೆ ಅದು ಬಿಗಿಯಾದ ಪದರ, ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಸಡಿಲ, ಪುಡಿ. ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಅದಕ್ಕೇ ಪೇಂಟು ಗುಳ್ಳೆ ಏಳುವುದು. ಗುಳ್ಳೆ ಒಡೆದರೆ ಇನ್ನಷ್ಟು ನೀರು, ಇನ್ನಷ್ಟು ತುಕ್ಕು. ಅಸಲಿಗೆ ಬಡ್ಡಿ, ಬಡ್ಡಿಗೆ ಬಡ್ಡಿ. ಚಕ್ರಬಡ್ಡಿಯ ಲೆಕ್ಕ ಬರೆದ ಕೈಗೆ ಇದು ಬೇಗ ಅರ್ಥವಾಗುತ್ತದೆ.

ನಮ್ಮ ಹೆಂಗಸರಿಗೆ ಇದನ್ನೆಲ್ಲ ಹೇಳಿಕೊಡಬೇಕಾಗಿಲ್ಲ. ದೋಸೆ ಕಾವಲಿಯನ್ನು ತೊಳೆದು ಒದ್ದೆಯಾಗಿಯೇ ಇಡುವ ಗೃಹಿಣಿ ಯಾರಿದ್ದಾರೆ? ಒರೆಸಿ, ಒಂದು ಬೊಟ್ಟು ಎಣ್ಣೆ ಸವರಿ ಗೋಡೆಗೆ ಒರಗಿಸುತ್ತಾರೆ. ಕಾರ್ಖಾನೆಯವರು ಮಾಡುವುದೂ ಅದನ್ನೇ, ದೊಡ್ಡದಾಗಿ. ಪೇಂಟಿನ ತೊಟ್ಟಿಯಲ್ಲಿ ಇಡೀ ಗೂಡನ್ನು ಮುಳುಗಿಸಿ, ವಿದ್ಯುತ್ತಿನ ಬಲದಿಂದ ಬಣ್ಣ ಮೂಲೆಮೂಲೆಗೂ ಅಂಟುವಂತೆ ಮಾಡುತ್ತಾರೆ. ಟೊಳ್ಳುಗಳಿಗೆ ಮೇಣ ಚಿಮುಕಿಸುತ್ತಾರೆ. ಎಲ್ಲಕ್ಕಿಂತ ಮೇಲಾದ ಉಪಾಯ ಸತುವಿನ ಲೇಪ. ಬಾವಿಯ ಕೊಡಪಾನಕ್ಕೂ, ಹಟ್ಟಿಯ ಮಾಡಿನ ತಗಡಿಗೂ ಇರುವುದು ಅದೇ. ಸತು ಕಬ್ಬಿಣಕ್ಕಿಂತ ಮೊದಲು ತಾನು ಕರಗುತ್ತದೆ. ಗೀರು ಬಿದ್ದ ಜಾಗದಲ್ಲೂ ಕಬ್ಬಿಣವನ್ನು ಕಾಯುತ್ತದೆ. ಜರ್ಮನಿಯ ಪೋರ್ಷೆ ಕಂಪನಿ ತನ್ನ 911 ಎಂಬ ವೇಗದ ಕಾರಿಗೆ 1976ರ ಮಾದರಿಯಿಂದ ಎರಡೂ ಬದಿಗೆ ಸತು ಲೇಪಿಸಿದ ತಗಡು ಹಾಕಿ, ಆರು ವರ್ಷ ತುಕ್ಕು ಹಿಡಿಯದು ಎಂದು ಬರೆದುಕೊಟ್ಟಿತು. 1985ರಲ್ಲಿ ಔಡಿಯವರು 100 ಎಂಬ ಮಾದರಿಗೂ ಅದನ್ನೇ ಮಾಡಿದರು. ಜರ್ಮನ್ ಗಾಡಿ ಕಲ್ಲಿನಂತೆ ಎಂಬ ಮಾತಿನ ಹಿಂದೆ ಈ ಸತು ಕೂಡ ಇದೆ.

ಆದರೆ ಜರ್ಮನಿಯ ಹೆಸರು ನೋಡಿ ಕಣ್ಣು ಮುಚ್ಚುವವರಿಗೆ ಒಂದು ಮಾತು. ಮರ್ಸಿಡಿಸ್ ಕಂಪನಿಯ 1995ರ ಇ-ಕ್ಲಾಸ್ ಗಾಡಿಗಳು ಬಾಗಿಲಿನ ಅಂಚು, ಚಕ್ರದ ಕಮಾನುಗಳಲ್ಲಿ ತುಕ್ಕು ಹಿಡಿದು ಅಭಿಮಾನಿಗಳ ಮುಖ ಸಪ್ಪಗಾಗಿಸಿದವು. ಜಪಾನಿನ ಟೊಯೋಟಾ ಕೆಡುವುದೇ ಇಲ್ಲ ಎನ್ನುವವರಿಗೂ ಒಂದು ಮಾತು. ಅಮೆರಿಕದಲ್ಲಿ ಅವರ ಟಕೋಮಾ ಎಂಬ ಪಿಕಪ್ ಗಾಡಿಯ ಚಾಸಿಯೇ ತುಕ್ಕು ಹಿಡಿದು ತೂತಾಯಿತು. 2008ರಲ್ಲಿ ಕಂಪನಿ 1995ರಿಂದ 2000ದವರೆಗಿನ ಮಾದರಿಗಳಿಗೆ ಹದಿನೈದು ವರ್ಷದ ಖಾತರಿ ಕೊಟ್ಟು, ತೀರಾ ಕೆಟ್ಟವನ್ನು ಮಾರುಕಟ್ಟೆ ಬೆಲೆಯ ಒಂದೂವರೆ ಪಟ್ಟು ಕೊಟ್ಟು ಮರಳಿ ಕೊಂಡಿತು. ಕೋರ್ಟಿನ ಮೊಕದ್ದಮೆ ಬೆಳೆದು 2016ರಲ್ಲಿ 340 ಕೋಟಿ ಡಾಲರಿನವರೆಗಿನ ರಾಜಿಗೂ ಒಪ್ಪಿತು. ಲಾನ್ಚಾವೂ ಗಾಡಿ ಮರಳಿ ಕೊಂಡಿತು, ಟೊಯೋಟಾವೂ ಕೊಂಡಿತು. ಒಂದರ ಪತ್ತು ಹೋಯಿತು, ಇನ್ನೊಂದರದು ಉಳಿಯಿತು. ನನಗೆ ತೋರುವ ಕಾರಣ ಇಷ್ಟೇ: ಟೊಯೋಟಾದ ಠೇವಣಿ ದೊಡ್ಡದಿತ್ತು. ಲಕ್ಷಗಟ್ಟಲೆ ಮನೆಗಳಲ್ಲಿ ಅವರ ಗಾಡಿ ದಿನಾ ಬೆಳಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು. ರ್ಯಾಲಿಯ ಪಟ್ಟ ನೋಡಲು ಚೆಂದ, ಆದರೆ ಕಷ್ಟಕಾಲದಲ್ಲಿ ಅದನ್ನು ನಗದು ಮಾಡಿಕೊಳ್ಳಲಾಗುವುದಿಲ್ಲ.

ನಮ್ಮ ದೇಶಕ್ಕೂ ಈ ಕಥೆಗೂ ನಂಟಿದೆ. ರಷ್ಯಾದಲ್ಲಿ ಫಿಯಟ್ ಕಟ್ಟಿಕೊಟ್ಟ ಕಾರ್ಖಾನೆಯಲ್ಲಿ ತಯಾರಾದದ್ದು ಫಿಯಟ್ 124 ಎಂಬ ಕಾರಿನ ರೂಪ. ರಷ್ಯಾದವರು ತಮ್ಮ ಕೆಟ್ಟ ರಸ್ತೆಗಾಗಿ ತಗಡನ್ನು ದಪ್ಪ ಮಾಡಿಕೊಂಡರು. ಅದೇ 124ರ ಮೈಯನ್ನು 1985ರಲ್ಲಿ ಬೊಂಬಾಯಿಯ ಪ್ರೀಮಿಯರ್ ಕಂಪನಿಯವರು ನಿಸ್ಸಾನ್ ಇಂಜಿನ್ ಕೂರಿಸಿ 118ಎನ್‌ಇ ಎಂದು ಮಾರಿದರು. ಪದ್ಮಿನಿ, ಅಂಬಾಸಡರ್ ಓಡಿಸಿ ಬೇಸತ್ತವರಿಗೆ ಅದರ ಓಟ ಹಬ್ಬದೂಟ. ಆದರೆ ಆ ಗಾಡಿ ಇಟ್ಟುಕೊಂಡವರನ್ನು ಕೇಳಿ ನೋಡಿ, ಮೊದಲು ಇಂಜಿನ್ನಿನ ಹೊಗಳಿಕೆ, ಆಮೇಲೆ ತುಕ್ಕಿನ ಪುರಾಣ. ಹಿಂದುಸ್ತಾನ್ ಮೋಟಾರ್ಸಿನವರ ಕಾಂಟೆಸ್ಸಾ ಇನ್ನೊಂದು. 1984ರಲ್ಲಿ ಬಂದ ಅದು ಬ್ರಿಟನ್ನಿನ ವಾಕ್ಸ್‌ಹಾಲ್ ವಿಕ್ಟರ್ ಗಾಡಿಯ ವಂಶದ್ದು. ಅದೇ ಹೆಸರಿನ 1957ರ ಮೊದಲ ವಿಕ್ಟರ್ ತನ್ನ ಊರಿನಲ್ಲೇ ತುಕ್ಕಿಗೆ ಕುಖ್ಯಾತವಾಗಿತ್ತು. ಕಾಂಟೆಸ್ಸಾಕ್ಕೆ ಶುರುವಿನಲ್ಲಿ ಅಂಬಾಸಡರಿನ ಇಂಜಿನ್ನೇ. ಆನೆಗೆ ಆಡಿನ ಕಾಲು ಕಟ್ಟಿದ ಹಾಗಿತ್ತು. ಇಸುಜು ಇಂಜಿನ್ ಬಂದ ಮೇಲೆ ಅದಕ್ಕೆ ನಿಜವಾದ ಜೀವ ಬಂತು. ಇವತ್ತು ಹಳೆ ಕಾಂಟೆಸ್ಸಾ ಹುಡುಕುವ ಯುವಕರು ಬಹಳ. ಅವರಿಗೆ ಗ್ಯಾರೇಜಿನವರು ಮೊದಲು ಹೇಳುವ ಮಾತು, ಇಂಜಿನ್ ಆಮೇಲೆ ನೋಡುವಾ, ಮೊದಲು ತಳ ನೋಡುವಾ ಎಂದು.

ಅಂಬಾಸಡರಿನ ತಗಡು ದಪ್ಪ, ಅದಕ್ಕೆ ತುಕ್ಕಿಲ್ಲ ಎನ್ನುವ ಹಿರಿಯರೂ ಇದ್ದಾರೆ. ದಪ್ಪವಾದರೆ ತೂತಾಗಲು ತಡವಾಗುತ್ತದೆ, ಅಷ್ಟೇ. ಬಾಗಿಲು ಹಾಕಿದಾಗ ಧಪ್ ಎಂಬ ಸದ್ದು ಕೇಳಿ ಗಟ್ಟಿ ಎಂದು ತೀರ್ಮಾನಿಸುವ ಇಂದಿನ ಹುಡುಗರ ಲೆಕ್ಕವೂ ಅಂಥದ್ದೇ. ಧಪ್ ಎನ್ನುವುದು ಬೀಡಿಂಗು, ಬೀಗ, ಬಾಗಿಲಿನ ತೂಕದ ಸದ್ದು. ಒಳಗಿನ ತುಕ್ಕು ಅದರಲ್ಲಿ ಕೇಳಿಸದು.

ವೇಗದ ಗಾಡಿಯ ಹುಚ್ಚಿನವರು ಒಂದು ಸಂಗತಿಯನ್ನು ತಿಳಿದಿರಲೇಬೇಕು. ತುಕ್ಕು ಅಂದ ಕೆಡಿಸುವುದು ಸಣ್ಣ ಮಾತು. ಸಸ್ಪೆನ್ಷನ್, ಸ್ಟೇರಿಂಗು, ಸೀಟು ಬೆಲ್ಟು ಬಿಗಿದ ಜಾಗಗಳಲ್ಲಿ ತುಕ್ಕಿದ್ದರೆ ಅದು ಪ್ರಾಣದ ಮಾತು. ಬೆಲ್ಟು ಹೊಸತಿರಬಹುದು, ಅದನ್ನು ಹಿಡಿದ ತಗಡು ಹಪ್ಪಳವಾಗಿದ್ದರೆ ಡಿಕ್ಕಿಯಾದಾಗ ಬೆಲ್ಟಿನ ಸಮೇತ ಮನುಷ್ಯ ಮುಂದೆ ಹೋಗುತ್ತಾನೆ. ನಿಧಾನಕ್ಕೆ ಪೇಟೆಗೆ ಹೋಗಿ ಬರುವ ಗಾಡಿಯಲ್ಲಿ ಈ ದೋಷ ವರ್ಷಗಟ್ಟಲೆ ಮಲಗಿದ್ದೀತು. ಘಾಟಿಯ ತಿರುವಿನಲ್ಲಿ ಎಂಬತ್ತರಲ್ಲಿ ತಿರುಗಿಸಿದಾಗ ಎದ್ದೀತು. ಬ್ರಿಟನ್ನಿನಲ್ಲಿ ವರ್ಷಕ್ಕೊಮ್ಮೆ ಗಾಡಿ ತಪಾಸಣೆ ಮಾಡುವಾಗ ಇಂಥ ಜಾಗಗಳ ಸುತ್ತ ಮೂವತ್ತು ಸೆಂಟಿಮೀಟರಿನೊಳಗೆ ತಗಡು ಸೊರಗಿದ್ದರೆ ಪಾಸು ಮಾಡುವುದಿಲ್ಲ. ನಮ್ಮಲ್ಲಿ ಸ್ವಂತ ಕಾರಿಗೆ ಹದಿನೈದು ವರ್ಷ ಕಳೆದ ಮೇಲೆಯೇ ಫಿಟ್‌ನೆಸ್ ಪರೀಕ್ಷೆ. ಅಲ್ಲಿಯವರೆಗೆ ನಮ್ಮ ಕಣ್ಣೇ ನಮಗೆ ಇನ್ಸ್‌ಪೆಕ್ಟರ್.

ಹಾಗಾದರೆ ಕಣ್ಣು ಎಲ್ಲಿ ಹಾಯಬೇಕು? ನಮ್ಮ ಕಾಸರಗೋಡು ಕಡೆ ಮಳೆ ವರ್ಷಕ್ಕೆ 3000 ಮಿಲಿಮೀಟರು ಮೀರುತ್ತದೆ. ಮೇಲಿನಿಂದ ಕಡಲಿನ ಉಪ್ಪುಗಾಳಿ. ಅದು ಸಾಲದೆಂಬಂತೆ ಮೀನಿನ ಪೆಟ್ಟಿಗೆಯನ್ನು ಡಿಕ್ಕಿಯಲ್ಲಿಟ್ಟು ತರುತ್ತೇವೆ. ಮಂಜುಗಡ್ಡೆ ಕರಗಿದ ಉಪ್ಪುನೀರು ಇಳಿದು ಸ್ಟೆಪ್ನಿಯ ಗುಂಡಿಯಲ್ಲಿ ನಿಲ್ಲುತ್ತದೆ. ಹಳೆ ಗಾಡಿ ಕೊಳ್ಳುವಾಗ ಮೊದಲು ಆ ಸ್ಟೆಪ್ನಿಯನ್ನು ಎತ್ತಿ ನೋಡಿ. ಆಮೇಲೆ ಕಾಲಡಿಯ ಮ್ಯಾಟು ಎತ್ತಿ ಕೈಯಿಂದ ಮುಟ್ಟಿ ನೋಡಿ. ಏ.ಸಿ.ಯ ನೀರಿನ ಪೈಪು ಕಟ್ಟಿಕೊಂಡಿದ್ದರೆ ಎಡಗಡೆ ಮುಂದಿನ ಸೀಟಿನ ಕೆಳಗೆ ಸದಾ ಒದ್ದೆ ಇರುತ್ತದೆ, ಮೇಲಿನಿಂದ ಗೊತ್ತಾಗದು. ಬ್ಯಾಟರಿಯ ಕೆಳಗಿನ ತಟ್ಟೆ, ಬಾಗಿಲುಗಳ ಅಡಿ ಅಂಚು, ಮುಂದಿನ ಗಾಜಿನ ಬೀಡಿಂಗಿನ ಸುತ್ತ, ಜಾಕ್ ಕೊಡುವ ಜಾಗ, ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ರನ್ನಿಂಗ್ ಬೋರ್ಡು, ಇವಿಷ್ಟನ್ನೂ ಬಿಡಬೇಡಿ. ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿ. ಒಳ್ಳೆಯ ತಗಡು ಟಣ್ ಎನ್ನುತ್ತದೆ, ಕೆಟ್ಟದ್ದು ಹಳಸಿದ ಹಲಸಿನಕಾಯಿಯ ಹಾಗೆ ದಪ್ಪಗೆ ಸದ್ದು ಮಾಡುತ್ತದೆ.

ಒಮ್ಮೆ ಸಾಲಕ್ಕೆ ಅರ್ಜಿ ಹಾಕಿದ ಗಲ್ಫಿನಿಂದ ಬಂದ ಒಬ್ಬ ತರುಣರು ಒಂದು ಹಳೆ ಕಾರು ತಂದು ಶಾಖೆಯ ಎದುರು ನಿಲ್ಲಿಸಿದ್ದರು. ಹೊಸ ಪೇಂಟು, ಹೊಸ ಸೀಟು ಕವರು, ತಳಕ್ಕೆಲ್ಲ ಹೊಸ ಕಪ್ಪು ಲೇಪ. ಬೆಲೆ ಕಟ್ಟಲು ಬಂದವರು ವಯಸ್ಸಾದ ಮನುಷ್ಯ, ಮಾತು ಕಡಿಮೆ. ಕಿಸೆಯಿಂದ ಒಂದು ತುಂಡು ಅಯಸ್ಕಾಂತ ತೆಗೆದು ಚಕ್ರದ ಕಮಾನಿಗೆ ಹಿಡಿದರು. ಅಂಟಲಿಲ್ಲ, ಕೆಳಗೆ ಬಿತ್ತು. ತಗಡು ಹೋಗಿ ಪುಟ್ಟಿಯೇ ಉಳಿದಿತ್ತು. ಮತ್ತೆ ಬಗ್ಗಿ ರನ್ನಿಂಗ್ ಬೋರ್ಡನ್ನು ಹೆಬ್ಬೆರಳಿನಿಂದ ಒತ್ತಿದರು. ಬೆರಳು ಒಳಗೆ ಹೋಯಿತು. ಆ ತರುಣರ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಮುಂಗಡ ಕೊಟ್ಟಾಗಿತ್ತಂತೆ. ಹಳೆ ಗಾಡಿಯ ತಳಕ್ಕೆ ಹೊಸ ಕಪ್ಪು ಬಳಿದಿದ್ದರೆ ಯಾಕೆ ಎಂದು ಕೇಳಿ, ಆಮೇಲೆ ಮುಂಗಡ ಕೊಡಿ. ಹಾಗೆಂದು ಸೈಲೆನ್ಸರಿನ ಪೈಪಿನ ಮೇಲಿನ ಕೆಂಪು, ನಾಲ್ಕು ದಿನ ನಿಂತ ಗಾಡಿಯ ಬ್ರೇಕ್ ಡಿಸ್ಕಿನ ತೆಳು ತುಕ್ಕು ನೋಡಿ ಗಾಬರಿಯಾಗಬೇಡಿ. ಅದು ಎಲ್ಲ ಗಾಡಿಗೂ ಇದ್ದದ್ದೇ, ಬ್ರೇಕು ಒತ್ತಿದರೆ ಡಿಸ್ಕಿನದು ಹೋಗುತ್ತದೆ.

ಒಣ ಸೀಮೆಯವರಿಗೆ, ಸೊಲ್ಲಾಪುರ, ಅಕ್ಕಲಕೋಟೆ, ಆದವಾನಿಯವರಿಗೆ, ಈ ಭಯ ಕಡಿಮೆ. ಅಲ್ಲಿ ಬಿಸಿಲಿಗೆ ಪೇಂಟು ಮಾಸೀತು, ರಬ್ಬರು ಬಿರಿದೀತು, ತಳ ಚೆನ್ನಾಗಿರುತ್ತದೆ. ಆದರೆ ನೀವು ಕೊಳ್ಳುವ ಗಾಡಿ ಎಲ್ಲಿಂದ ಬಂತು ಎಂದು ಆರ್.ಸಿ. ಪುಸ್ತಕ ನೋಡಿ ತಿಳಿಯಿರಿ. 2015ರ ಡಿಸೆಂಬರಿನಲ್ಲಿ ಚೆನ್ನೈ, 2018ರ ಆಗಸ್ಟಿನಲ್ಲಿ ಕೇರಳ ಮುಳುಗಿದಾಗ ಲೆಕ್ಕವಿಲ್ಲದಷ್ಟು ಗಾಡಿಗಳು ನೀರಿನಲ್ಲಿ ನಿಂತವು. ಅಂಥ ಗಾಡಿ ತೊಳೆದು ಒರೆಸಿ ಗಡಿ ದಾಟಿ ಬಂದರೆ ಕಡಿಮೆ ಬೆಲೆಗೆ ಸಿಗುತ್ತದೆ. ಸೀಟಿನ ಬೆಲ್ಟನ್ನು ಪೂರ್ತಿ ಹೊರಗೆ ಎಳೆದು ನೋಡಿ, ಕೊನೆಯಲ್ಲಿ ಕೆಸರಿನ ಗೆರೆ ಇದ್ದರೆ ನಮಸ್ಕಾರ ಹೇಳಿ ಬನ್ನಿ. ಬೇರೆ ರಾಜ್ಯದ ಗಾಡಿಯಾದರೆ ಅಲ್ಲಿಯ ಕಛೇರಿಯ ನಿರಾಕ್ಷೇಪಣ ಪತ್ರ, ಅದು 28ನೇ ನಮೂನೆ. ಬ್ಯಾಂಕಿನ ಸಾಲ ತೀರಿದ್ದಕ್ಕೆ 35ನೇ ನಮೂನೆ. ಇವೆರಡೂ ಕೈಗೆ ಬರುವ ತನಕ ಪೂರ್ತಿ ಹಣ ಎಣಿಸಬೇಡಿ. ಬೇರೆ ರಾಜ್ಯದ ನಂಬರಿನ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ನಮ್ಮಲ್ಲಿ ಇಟ್ಟುಕೊಂಡರೆ ಇಲ್ಲಿಯ ನಂಬರು ಮಾಡಿಸಲೇಬೇಕು. ತಲಪಾಡಿಯ ಆಚೆ ಕೆ.ಎ. 19, ಈಚೆ ಕೆ.ಎಲ್. 14 ಎಂದು ದಿನಾ ನೋಡುವ ನಮಗೆ ಇದು ಹೊಸತಲ್ಲ.

ಇರುವ ಗಾಡಿಯನ್ನು ಉಳಿಸಿಕೊಳ್ಳಲು ದೊಡ್ಡ ಖರ್ಚು ಬೇಡ. ಕಡಲ ಬದಿಗೆ ಹೋಗಿ ಬಂದರೆ, ಕೆಸರಿನಲ್ಲಿ ಓಡಿಸಿದರೆ, ಮೇಲ್ಮೈಗಿಂತ ಮೊದಲು ತಳಕ್ಕೆ ಸಿಹಿನೀರು ಹೊಡೆಯಿರಿ. ಚಕ್ರದ ಕಮಾನಿನ ಒಳಗೆ ಕೆಸರು ಕೂರಲು ಬಿಡಬೇಡಿ, ಅದು ಒದ್ದೆ ಬಟ್ಟೆ ಸುತ್ತಿಟ್ಟ ಹಾಗೆ. ಮಳೆಗಾಲದಲ್ಲಿ ಒದ್ದೆ ಗಾಡಿಗೆ ಪ್ಲಾಸ್ಟಿಕ್ ಹೊದಿಕೆ ಹೊದಿಸುವುದಕ್ಕಿಂತ ಮಾಡಿನ ಕೆಳಗೆ ಗಾಳಿಯಾಡುವಂತೆ ನಿಲ್ಲಿಸುವುದು ಮೇಲು. ತಳಕ್ಕೆ ಹಳೆ ಇಂಜಿನ್ ಆಯಿಲ್ ಹೊಡೆಸುವ ರೂಢಿ ನಮ್ಮಲ್ಲಿತ್ತು. ಅದು ರಬ್ಬರಿನ ಬುಶ್ಶುಗಳನ್ನು ಕೆಡಿಸುತ್ತದೆ, ನೆಲವನ್ನೂ ಕೆಡಿಸುತ್ತದೆ. ಮೇಣದ ಲೇಪವೇ ಒಳ್ಳೆಯದು. ಅದನ್ನೂ ಒಣಗಿದ ಬೇಸಗೆಯಲ್ಲಿ, ತುಕ್ಕು ಉಜ್ಜಿ ತೆಗೆದ ಮೇಲೆ ಹಾಕಿಸಬೇಕು. ತುಕ್ಕಿನ ಮೇಲೆ ಲೇಪ ಬಳಿದರೆ ಕಳ್ಳನನ್ನು ಒಳಗಿಟ್ಟು ಬಾಗಿಲು ಹಾಕಿದ ಹಾಗೆ.

ಇನ್ನೊಂದು ಉಳಿಯಿತು. ಪ್ರತಿ ಬಾಗಿಲಿನ ಅಡಿಯಲ್ಲಿ ನೀರು ಇಳಿದುಹೋಗಲೆಂದು ಎರಡು ಮೂರು ಸಣ್ಣ ತೂತುಗಳಿರುತ್ತವೆ. ಮಣ್ಣು, ಎಲೆಯ ಚೂರು ಸೇರಿ ಅವು ಮುಚ್ಚಿದರೆ ಬಾಗಿಲೇ ನೀರಿನ ತೊಟ್ಟಿ. ಬಾಗಿಲು ತೆರೆಯುವಾಗ ಒಳಗೆ ಗುಳುಗುಳು ಸದ್ದು ಕೇಳಿದರೆ ಅದೇ. ಮಳೆ ಹಿಡಿಯುವ ಮೊದಲು ಒಂದು ಆದಿತ್ಯವಾರ ಹಿಡಿಸೂಡಿಯ ಕಡ್ಡಿ ತೆಗೆದುಕೊಂಡು ನಾಲ್ಕೂ ಬಾಗಿಲಿನ ತೂತುಗಳನ್ನು ಬಿಡಿಸಿಬಿಡಿ. ಹತ್ತು ನಿಮಿಷದ ಕೆಲಸ.